ಹೊಸಿಲೊಳಗಿನ ಎರಡನೇ ಗುಂಡು

ಮಹಿಳಾ ಕಾರಾಗೃಹ, ಎರಡನೇ ವಾರ್ಡು
ಫೆಬ್ರವರಿ 9

ಪ್ರೀತಿಯ ಚೆಕ್ಕುಬಂದಿ,

ಹೀಗೆ ಕರೆದರೆ ನಿನಗೆ ಮೈ ಉರಿಯುತ್ತದೆ ಎಂದು ಗೊತ್ತು. ಆದರೆ ಮೂವತ್ತು ವರ್ಷ ಕಂಡವರ ಜಮೀನಿಗೆ ಪೂರ್ವಕ್ಕೆ ಇಂಥವರ ಗೋಡೆ, ಪಶ್ಚಿಮಕ್ಕೆ ಇಂಥವರ ಬಾವಿ ಎಂದು ಎಲ್ಲೆ ಬರೆದುಕೊಟ್ಟ ವಕೀಲ ತಮ್ಮನನ್ನು ಇನ್ನೇನೆಂದು ಕರೆಯಲಿ? ನಿನ್ನ ಅಕ್ಕ ಈಗ ನಾಲ್ಕು ದಿಕ್ಕಿಗೂ ಗೋಡೆಯೇ ಇರುವ ಸ್ವತ್ತಿನಲ್ಲಿ ವಾಸವಾಗಿದ್ದಾಳೆ. ತಂಟೆ ತಕರಾರಿಲ್ಲದ ಸ್ವತ್ತು. ನೆರೆಯವರ ಒತ್ತುವರಿಯ ಭಯವಂತೂ ಇಲ್ಲವೇ ಇಲ್ಲ.

ಪತ್ರಿಕೆಯಲ್ಲಿ ಓದಿರುತ್ತೀಯ. ಓದಿದ್ದರಲ್ಲಿ ಮೂರು ತಪ್ಪುಗಳಿವೆ. ನನಗೆ ಅರವತ್ತೆರಡಲ್ಲ, ಐವತ್ತೊಂಬತ್ತು. ಈ ಬಗ್ಗೆ ಸಂಪಾದಕರಿಗೆ ಬೇರೆ ಪತ್ರ ಹೋಗಿದೆ. ನಾನು ನಿವೃತ್ತಳೂ ಅಲ್ಲ, ರೈಫಲ್ ಕ್ಲಬ್ಬಿನ ತರಬೇತುಗಾರ್ತಿ, ಕಳೆದ ಮಂಗಳವಾರದವರೆಗಂತೂ ಹೌದು. ಮೂರನೆಯದು ಆ ದಪ್ಪಕ್ಷರದ ತಲೆಬರಹ: "ಗಾಬರಿಯಿಂದ ಗುಂಡು ಹಾರಿಸಿದ ವೃದ್ಧೆ". ವೃದ್ಧೆ ಎಂದದ್ದನ್ನು ಕ್ಷಮಿಸಿದ್ದೇನೆ. ಗಾಬರಿ ಎಂದದ್ದನ್ನು ಕ್ಷಮಿಸಲಾರೆ.

ನಡೆದದ್ದು ಇಷ್ಟು. ಮಂಗಳವಾರ ಕ್ಲಬ್ಬಿಗೆ ರಜೆ. ಮಧ್ಯಾಹ್ನ ಮೂರು ಗಂಟೆಗೆ ಆಯುಧದ ಕೋಣೆಯಲ್ಲಿ ಒಬ್ಬಳೇ ಕೂತು ರೈಫಲ್ಲಿನ ನಳಿಗೆ ಒರೆಸುತ್ತಿದ್ದೆ. ಒಬ್ಬ ಅತಿಥಿ ಕಬ್ಬಿಣದ ಸಲಾಕೆ ಹಿಡಿದು ಬಂದ. ಬಂದವನು ತನ್ನ ಪರಿಚಯ ಹೇಳಿಕೊಳ್ಳಲಿಲ್ಲವಾದ್ದರಿಂದ ಅತಿಥಿ ಎಂದೇ ಕರೆಯುತ್ತೇನೆ. ಬಂದೂಕಿನ ಬೀರುವಿನ ಕೀ ಕೇಳಿದ. ಕೊಡಲಿಲ್ಲ. ಎಡಭುಜಕ್ಕೆ ಬಾರಿಸಿದ, ಮೂಳೆ ಬಿರುಕು ಬಿಟ್ಟಿದೆ. ಆಮೇಲೆ ಬೀಗ ಮೀಟಲು ಆಚೆ ತಿರುಗಿದ. ಅಷ್ಟರಲ್ಲಿ ನಾನು ರೈಫಲ್ಲಿಗೆ ತೋಟಾ ತುಂಬಿ ಮೇಜಿನ ಮೇಲೆ ಆನಿಸಿಕೊಂಡೆ. ಸಲಾಕೆ ಎತ್ತಿಕೊಂಡು ಮತ್ತೆ ನನ್ನ ಮೇಲೆ ಬಂದ. ಮೊದಲ ಗುಂಡು ಅವನ ಮುಂಗೈಗೆ ಬಿತ್ತು, ಸಲಾಕೆ ನೆಲಕ್ಕೆ ಬಿತ್ತು. ಎರಡನೆಯದು ತೊಡೆಗೆ ಬಿತ್ತು, ಅತಿಥಿಯೇ ನೆಲಕ್ಕೆ ಬಿದ್ದ. ಬದುಕಿದ್ದಾನೆ. ಆಸ್ಪತ್ರೆಯಲ್ಲಿ ಇಬ್ಬರಿಗೂ ಒಬ್ಬರೇ ಡಾಕ್ಟರು ಪಟ್ಟಿ ಕಟ್ಟಿದರು, ಇಬ್ಬರನ್ನೂ ಒಂದೇ ಸಮನೆ ಬೈದರು.

ಮುಖ್ಯವಾದ ಮಾತು ಇದು. ಎರಡನೇ ಗುಂಡು ತಗುಲಿದಾಗ ಅವನು ಹೊಸಿಲು ದಾಟಿರಲಿಲ್ಲ. ಎರಡು ಹೆಜ್ಜೆ ಒಳಗೇ ಇದ್ದ. ನೀನು ಹೇಳಿದ್ದಂತೆಯೇ ಮಾಡಿದ್ದೇನೆ. ಹೀಗಿದ್ದೂ ಕಂಬಿ ಕೀಳಲು ಹೋದವನು ಆಸ್ಪತ್ರೆಯ ಹಾಸಿಗೆಯಲ್ಲಿ, ಕಂಬಿ ಎಣಿಸುವವಳು ನಾನು. ಇದು ಯಾವ ನ್ಯಾಯ ಎಂದು ಪೊಲೀಸರಿಗೆ ನಿನ್ನ ಭಾಷೆಯಲ್ಲಿ ಒಂದು ನೋಟೀಸು ಕೊಡು.

ಈ ಪತ್ರಗಳನ್ನು ಮೇಟ್ರನ್ ಮೇಡಂ ಓದಿ ಕಳಿಸುತ್ತಾರೆ. ನಮಸ್ಕಾರ, ಮೇಡಂ.

ನಿನ್ನ
ಅಕ್ಕ


ಫೆಬ್ರವರಿ 15

ಅಕ್ಕಾ,

ಪತ್ರ ತಲುಪಿತು. ಓದುವಾಗ ಎರಡು ಸಲ ನಕ್ಕೆ, ಮೂರು ಸಲ ಎದ್ದು ನೀರು ಕುಡಿದೆ.

ನಾನು ಜಮೀನಿನ ವಕೀಲ, ಜಾಮೀನಿನ ವಕೀಲನಲ್ಲ. ತೋಟದ ವಿಷಯ ಬಲ್ಲೆ, ತೋಟಾ ವಿಷಯ ಅರಿಯೆ. ಅದಕ್ಕೇ ನಿನ್ನ ಊರಿನಲ್ಲೇ ಕ್ರಿಮಿನಲ್ ಕೇಸು ನಡೆಸುವ ಒಬ್ಬ ವಕೀಲಮ್ಮನನ್ನು ಗೊತ್ತುಮಾಡಿದ್ದೇನೆ. ವಯಸ್ಸು ಚಿಕ್ಕದು, ನಾಲಿಗೆ ಕತ್ತರಿ. ನಿನಗೆ ಹಿಡಿಸುತ್ತಾಳೆ. ನಾನೇ ಓಡಿಬರುತ್ತಿದ್ದೆ, ಆದರೆ ಬೆನ್ನುನೋವು. ಡಾಕ್ಟರು ಬಸ್ಸು ಹತ್ತಬೇಡ ಎಂದಿದ್ದಾರೆ.

ಈಗ ನಾನು ಹೇಳುವುದನ್ನು ಕಿವಿಗೊಟ್ಟು ಕೇಳು, ನಗಬೇಡ. ಇನ್ನು ಮುಂದೆ ಘಟನೆಯ ಬಗ್ಗೆ ಪತ್ರದಲ್ಲಿ ಒಂದಕ್ಷರ ಬರೆಯಬೇಡ. ಮೊದಲನೇ ಗುಂಡು, ಎರಡನೇ ಗುಂಡು ಎಂದು ಬಿಡಿಬಿಡಿಯಾಗಿ ಎಣಿಸಬೇಡ. ನಡೆದದ್ದು ಒಂದೇ ಘಟನೆ. ಗಾಬರಿಯಲ್ಲಿ ಏನಾಯಿತೆಂದು ನಿನಗೇ ತಿಳಿಯಲಿಲ್ಲ. ಗಾಬರಿ ಎಂಬ ಪದದ ಮೇಲೆ ನಿನಗೆ ಯಾಕಿಷ್ಟು ಹಗೆ? ಈ ಕೇಸಿನಲ್ಲಿ ನಿನಗಿರುವ ಒಬ್ಬಳೇ ಗೆಳತಿ ಅವಳು.

ಹೊಸಿಲಿನ ಪ್ರಸ್ತಾಪವನ್ನಂತೂ ಎಲ್ಲೂ ಎತ್ತಬೇಡ. ಯಾಕೆ ಎಂದು ಕೇಳಲೂಬೇಡ.

ಒಂದು ಸಣ್ಣ ವಿಷಯ. ನಿನ್ನ ಕ್ವಾರ್ಟರ್ಸಿನ ಬೀಗದ ಕೀಯನ್ನು ವಕೀಲಮ್ಮನ ಕೈಲಿ ಕೊಟ್ಟಿರು. ನಿನ್ನ ಟ್ರಂಕಿನಲ್ಲಿ ನಮ್ಮ ಹಳೆಯ ಪತ್ರಗಳೆಲ್ಲ ಇವೆಯಲ್ಲ, ಮನೆ ಮುಚ್ಚಿದ್ದರೆ ಗೆದ್ದಲು ಹಿಡಿಯುತ್ತದೆ. ತರಿಸಿ ಇಲ್ಲಿ ಭದ್ರವಾಗಿಡುತ್ತೇನೆ.

ನಿನ್ನ
ತಮ್ಮ


ಮಹಿಳಾ ಕಾರಾಗೃಹ
ಫೆಬ್ರವರಿ 24

ಚೆಕ್ಕುಬಂದಿ,

ಗುಂಡು ಹಾರಿಸಿದವಳು ನಾನು, ಹಾರಿಕೆ ಮಾತು ನಿನ್ನದು.

"ಏನಾಯಿತೆಂದು ತಿಳಿಯಲಿಲ್ಲ" ಎಂದು ಹೇಳು ಎನ್ನುತ್ತೀಯಲ್ಲ, ನನ್ನ ರೈಫಲ್ಲು ಎಂಥದೆಂದು ನಿನಗೆ ಗೊತ್ತೇ? ಒಂದು ಸಲಕ್ಕೆ ಒಂದೇ ತೋಟಾ ಹಿಡಿಯುವಂಥದು. ಹೊಡೆದ ಮೇಲೆ ಬೋಲ್ಟು ಎಂಬ ಹಿಡಿಯನ್ನು ಹಿಂದಕ್ಕೆಳೆಯಬೇಕು, ಖಾಲಿ ತೋಟಾ ಹೊರಬರುತ್ತದೆ. ಹೊಸದನ್ನು ಕೈಯಾರೆ ಒಳಗಿಡಬೇಕು, ಬೋಲ್ಟು ಮುಂದಕ್ಕೆ ತಳ್ಳಬೇಕು, ಕೆಳಕ್ಕೆ ಮಡಿಸಬೇಕು. ಆಮೇಲೆ ಗುರಿ. ಗಾಬರಿಯಲ್ಲಿ ಎರಡು ಸಲ ಸೀನಬಹುದು. ಈ ರೈಫಲ್ಲಿನಲ್ಲಿ ಎರಡು ಸಲ ಗುಂಡು ಹಾರಿಸಲಾಗದು. ನಿನ್ನ ವಕೀಲಮ್ಮ ನನ್ನ ಮುಂದೆ ಒಂದು ಹೇಳಿಕೆ ಇಟ್ಟಳು. "ಭಯದಿಂದ ಕೈ ನಡುಗಿ ಗುಂಡು ಹಾರಿತು" ಅಂತ ಇತ್ತು.

"ನಡುಗುವ ಕೈಯಿಂದ ಒಂಬತ್ತು ಮೀಟರ್ ದೂರದಲ್ಲಿ ಓಡುವವನ ತೊಡೆಗೆ ಹೊಡೆಯೋಕಾಗುತ್ತೇನಮ್ಮ?" ಅಂದೆ.

"ಆಗಲ್ಲ ಮೇಡಂ. ಅದಕ್ಕೇ ನಡುಗಿತು ಅಂತ ಬರೆದಿದೀನಿ. ಮೂಳೆ, ರಕ್ತನಾಳ ಎಲ್ಲಾ ಬಿಟ್ಟು ಬರೀ ಮಾಂಸಕ್ಕೆ ಹೊಡೆದಿದೀರಿ. ಅದೃಷ್ಟ ಅನ್ನೋಣ."

"ಅದೃಷ್ಟ ನಿಮ್ಮಪ್ಪನಿಗೆ. ಅದು ಮೂವತ್ತೊಂದು ವರ್ಷದ ಅಭ್ಯಾಸ."

ಸಹಿ ಹಾಕಲಿಲ್ಲ. ಜಾಮೀನೂ ಸಿಗಲಿಲ್ಲ. ಒಂದು ಕೈಗೆ ಜೋಲಿ ಕಟ್ಟಿಕೊಂಡು ಇನ್ನೊಂದು ಕೈಯಲ್ಲಿ ಸಾರು ಹುಯ್ದುಕೊಳ್ಳುವ ವಿದ್ಯೆ ಮಾತ್ರ ಸಿದ್ಧಿಸಿದೆ.

ಮೊನ್ನೆ ವರ್ತಕರ ಸಂಘದವರು ಭೇಟಿಗೆ ಬಂದಿದ್ದರು. ಮಾರುಕಟ್ಟೆಯ ಮುಂದೆ ನನ್ನ ಫೋಟೋ ಹಾಕಿದ ದೊಡ್ಡ ಬ್ಯಾನರು ಕಟ್ಟಿದ್ದಾರಂತೆ, ಕೆಳಗೆ "ವೀರವನಿತೆ" ಎಂದು.

"ಇನ್ನೊಂದೆರಡು ಹಾಕ್ಬೇಕಿತ್ತು ಮೇಡಂ, ಅವನು ಏಳಲೇಬಾರದಾಗಿತ್ತು," ಎಂದರು ಅಧ್ಯಕ್ಷರು, ಜಾಲರಿಗೆ ಮೂಗು ಅಂಟಿಸಿ.

"ನೀವು ಯಾವತ್ತಾದ್ರೂ ಒಬ್ಬ ಮನುಷ್ಯನಿಗೆ ಗುಂಡು ಹೊಡೆದಿದೀರಾ?"

"ಅಯ್ಯೋ, ಇಲ್ಲಪ್ಪ."

"ಗುಂಡು ಹಾಕಿದೀರಲ್ಲ, ವಾಸನೆ ಇಲ್ಲೀತನಕ ಬರ್ತಿದೆ. ಹೋಗಿ ಮೊದಲು ಆ ಬ್ಯಾನರು ಬಿಚ್ಚಿ."

ಊರು ನನ್ನ ಬೆನ್ನು ತಟ್ಟುತ್ತಿದೆ. ಯಾರ ಬೆನ್ನ ಮೇಲೆ ಗುರಿಯಿಟ್ಟೆ ಎಂದು ಕೇಳುವ ಪುರುಸೊತ್ತು ಯಾರಿಗೂ ಇಲ್ಲ.

ಈಗ ನಿನ್ನ ಹೊಸಿಲಿಗೆ ಬರೋಣ. ಎರಡು ವರ್ಷದ ಹಿಂದೆ ಕ್ಲಬ್ಬಿನ ಕಿಟಕಿ ಮುರಿದು ಯಾರೋ ಬಹುಮಾನದ ಕಪ್ಪುಗಳನ್ನು ಹೊತ್ತೊಯ್ದಾಗ ನೀನು ಬರೆದದ್ದು ನನಗೆ ಬಾಯಿಪಾಠವಿದೆ: "ಕಳ್ಳ ಹೊಸಿಲೊಳಗಿದ್ದಾಗ ಹೊಡೆದರೆ ಕಾನೂನು ನಿನ್ನ ಕಡೆ, ಹೊಸಿಲು ದಾಟಿದ ಮೇಲೆ ಹೊಡೆದರೆ ಕಾನೂನು ಅವನ ಕಡೆ. ಹಾಗಾಗಿ ಅಕ್ಕಾ, ಹೊಡೆಯುವುದಾದರೆ ಬೇಗ ಹೊಡೆ." ಓದಿ ನಕ್ಕಿದ್ದೆ, ನಂಬಿಯೂ ಇದ್ದೆ. ಅವನು ಬಾಗಿಲಿನತ್ತ ಓಡಿದಾಗ ನಾನು ಅವಸರ ಮಾಡಿದ್ದೇ ಅದಕ್ಕೆ. ಇದರಲ್ಲಿ ಮುಚ್ಚಿಡುವುದೇನಿದೆ?

ಕೀ ಕೊಟ್ಟಿಲ್ಲ. ಮೂವತ್ತು ವರ್ಷ ಆ ಟ್ರಂಕಿಗೆ ಬಾರದ ಗೆದ್ದಲು ನನ್ನನ್ನು ಹಿಡಿದೊಯ್ದ ವಾರವೇ ಬರುವುದೆಂದರೆ, ಅದು ಕಾನೂನು ಓದಿದ ಗೆದ್ದಲೇ ಇರಬೇಕು.

ಅಕ್ಕ


ಮಾರ್ಚ್ 8

ಅಕ್ಕಾ,

ನಿನ್ನ ಕೇಸಿನ ಕಾಗದಗಳ ನಕಲು ವಕೀಲಮ್ಮ ಕಳಿಸಿದ್ದಳು. ಓದಿದೆ. ಕಾನೂನಿನ ಪುಸ್ತಕವನ್ನೂ ತೆಗೆದು ಓದಿದೆ. ಓದಿದ್ದನ್ನು ನೇರವಾಗಿ ಹೇಳಿಬಿಡುತ್ತೇನೆ.

ಹೊಲದ ಎಲ್ಲೆ ನೆಲದ ಮೇಲಿರುತ್ತದೆ, ಅಳೆಯಬಹುದು, ಕಲ್ಲು ನೆಡಬಹುದು. ಆತ್ಮರಕ್ಷಣೆಯ ಎಲ್ಲೆ ಇರುವುದು ಗಡಿಯಾರದಲ್ಲಿ. ಅಪಾಯ ಎದುರಿಗೆ ಬಂದ ಕ್ಷಣ ಹಕ್ಕು ಹುಟ್ಟುತ್ತದೆ, ಅಪಾಯ ಬೆನ್ನು ತಿರುಗಿಸಿದ ಕ್ಷಣ ಮುಗಿದುಹೋಗುತ್ತದೆ. ಅವನು ಹೊಸಿಲೊಳಗಿದ್ದನೋ ಹೊರಗಿದ್ದನೋ ಎಂದು ಯಾರೂ ಟೇಪು ಹಿಡಿಯುವುದಿಲ್ಲ. ಆ ಗಳಿಗೆಯಲ್ಲಿ ನಿನ್ನ ಪ್ರಾಣಕ್ಕೆ ಅಪಾಯವಿತ್ತೇ, ಇದ್ದರೆ ಅದನ್ನು ತಡೆಯಲು ಬೇಕಾದಷ್ಟೇ ಬಲ ಬಳಸಿದೆಯಾ ಎಂದು ಕೇಳುತ್ತಾರೆ. ಸಲಾಕೆ ಎತ್ತಿದವನ ಮುಂಗೈಗೆ ಹೊಡೆದದ್ದು ನಿನ್ನ ಹಕ್ಕು; ಅದನ್ನು ಯಾವ ಕೋರ್ಟೂ ಪ್ರಶ್ನಿಸದು. ಬರಿಗೈಯಲ್ಲಿ ಬಾಗಿಲಿನತ್ತ ಓಡುತ್ತಿದ್ದವನ ತೊಡೆಗೆ, ಅದೂ ಹಿಂದಿನಿಂದ ಹೊಡೆದದ್ದಕ್ಕೆ ಹಕ್ಕಿನ ಆಸರೆ ಇಲ್ಲ. ಕೋಪ ಬಂದಿತ್ತು ಎಂದರೆ ಶಿಕ್ಷೆ ಒಂದಿಷ್ಟು ಕಡಿಮೆಯಾದೀತು, ಹಕ್ಕು ಮರಳಿ ಬಾರದು.

ಆದ್ದರಿಂದಲೇ ಉಳಿದಿರುವ ದಾರಿ ಒಂದೇ: ಅವನು ತಿರುಗಿದ್ದು ನಿನಗೆ ಗೊತ್ತಾಗಲಿಲ್ಲ, ಭಯ ಇನ್ನೂ ಇಳಿದಿರಲಿಲ್ಲ. ಆ ದಾರಿಗೆ ಅಡ್ಡ ನಿಂತಿರುವುದು ಒಂದು ಖಾಲಿ ತೋಟಾ. ಪೊಲೀಸರ ಫೋಟೋದಲ್ಲಿ ಅದು ಮೇಜಿನ ಎಡತುದಿಯಲ್ಲಿ ಸೈನಿಕನ ಹಾಗೆ ನೆಟ್ಟಗೆ ನಿಂತಿದೆ. ಮೊದಲ ಗುಂಡಿನದು. ಹೊಡೆದ ತೋಟಾಗಳ ಲೆಕ್ಕ ತಪ್ಪದಿರಲಿ ಎಂದು ಎಡಗಡೆ ಒಂದೊಂದಾಗಿ ನಿಲ್ಲಿಸುವುದನ್ನು ನೀನು ಶಿಷ್ಯರಿಗೆಲ್ಲ ಕಲಿಸಿದ್ದೀಯಂತೆ. ಸರ್ಕಾರಿ ವಕೀಲರು ಕೇಳಲಿರುವ ಪ್ರಶ್ನೆ ಈಗಲೇ ನನ್ನ ಕಿವಿಯಲ್ಲಿ ಗುಂಯ್ಗುಡುತ್ತಿದೆ: "ಪ್ರಾಣಭಯದಲ್ಲಿದ್ದವರು ಖಾಲಿ ತೋಟಾವನ್ನು ಎತ್ತಿ ನಿಲ್ಲಿಸಿ ಆಮೇಲೆ ಎರಡನೆಯದನ್ನು ತುಂಬುತ್ತಾರೆಯೇ?"

ಸ್ವಲ್ಪ ನೆನಪು ಮಾಡಿಕೋ ಅಕ್ಕಾ. ಮೊದಲು ಸ್ಥಳಕ್ಕೆ ಬಂದ ಕಾನ್‌ಸ್ಟೇಬಲ್ಲು ಅದನ್ನು ನೆಲದಿಂದ ಎತ್ತಿ ಮೇಜಿನ ಮೇಲೆ ಇಟ್ಟಿರಬಹುದಲ್ಲವೇ? ನೆನಪು ಮಾಡಿಕೊಂಡರೆ ನೆನಪಾಗುತ್ತದೆ.

ಬೆನ್ನುನೋವು ಹಾಗೇ ಇದೆ. ಕೀ ವಿಚಾರ ಮರೆಯಬೇಡ.

ತಮ್ಮ


ಮಹಿಳಾ ಕಾರಾಗೃಹ
ಮಾರ್ಚ್ 14

ವಕೀಲರಿಗೆ,

ನೆನಪು ಮಾಡಿಕೊಂಡೆ. ತೋಟಾ ನಿಲ್ಲಿಸಿದವಳು ನಾನೇ. ಬಲಗೈಯ ಈ ಎರಡು ಬೆರಳುಗಳಿಂದ.

ಆ ಕಾನ್‌ಸ್ಟೇಬಲ್ಲು ನನಗೆ ಕುರ್ಚಿ ಕೊಟ್ಟು ಕೂರಿಸಿದವನು, ನೀರು ಕುಡಿಸಿದವನು. ಅವನ ತಲೆಗೆ ಕಟ್ಟುವುದಿಲ್ಲ.

ಎಲ್ಲೆ ಎಲ್ಲಿದೆ ಎಂದು ಚೆನ್ನಾಗಿ ವಿವರಿಸಿದ್ದೀಯ. ಎರಡು ವರ್ಷದ ಹಿಂದೆ ತಪ್ಪು ಜಾಗದಲ್ಲಿ ಕಲ್ಲು ನೆಟ್ಟವರು ಯಾರು ಎಂಬುದನ್ನು ಮಾತ್ರ ಬರೆಯಲು ಮರೆತಿದ್ದೀಯ. ಕೀ ನನ್ನ ಬಳಿಯೇ ಇರುತ್ತದೆ.

ಇನ್ನು ಬೆನ್ನು. ನಿನ್ನ ಹೆಂಡತಿ ಪಾಪ ನನಗೆ ಒಂದು ಕಾರ್ಡು ಬರೆದಿದ್ದಳು. ಹೋದ ವಾರ ನೀನು ಯಾರದೋ ಜಮೀನಿನ ಸರ್ವೆಗೆಂದು ಎರಡು ಬಸ್ಸು ಬದಲಿಸಿ ಹೋಗಿದ್ದೆಯಂತೆ. ಆ ಬೆನ್ನಿಗೆ ನನ್ನ ಊರಿನ ಬಸ್ಸು ಮಾತ್ರ ಆಗಿಬರುವುದಿಲ್ಲವೇನೋ.

ಅ.


ಏಪ್ರಿಲ್ 19

ಅಕ್ಕಾ,

ಒಂದು ತಿಂಗಳಿನಿಂದ ಈ ಪತ್ರ ಬರೆದು ಬರೆದು ಹರಿದಿದ್ದೇನೆ. ಮೊದಲ ಕರಡಿನಲ್ಲಿ ನಿನ್ನನ್ನು ಬೈದಿದ್ದೆ. ಎರಡನೆಯದರಲ್ಲಿ ನನ್ನನ್ನು ಸಮರ್ಥಿಸಿಕೊಂಡಿದ್ದೆ; ತುಂಬ ಚೆನ್ನಾಗಿ ಬಂದಿತ್ತು, ಯಾವ ಕೋರ್ಟಾದರೂ ಒಪ್ಪುತ್ತಿತ್ತು. ಹೆಂಡತಿ ಓದಿ, "ಇದನ್ನ ಕಳಿಸಿದ್ರೆ ನಿಮ್ಮಕ್ಕ ಮೂರನೇ ಗುಂಡು ನಿಮಗೇ ಇಟ್ಟಿರ್ತಾರೆ," ಎಂದಳು.

ಆ ಪತ್ರ ಬರೆದಾಗ ನಾನು ಯಾವ ಪುಸ್ತಕವನ್ನೂ ತೆಗೆದು ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ಆತ್ಮರಕ್ಷಣೆಯ ಕಾನೂನನ್ನು ಕಾಲೇಜಿನಲ್ಲಿ ಪರೀಕ್ಷೆಗೆಂದು ಓದಿದ್ದೇ ಕೊನೆ. ನನ್ನ ಕಸುಬಿನಲ್ಲಿ ಎಲ್ಲಕ್ಕೂ ಗಡಿ ಇದೆ, ಗಡಿಯೊಳಗಿದ್ದದ್ದು ನಮ್ಮದು, ಆಚೆಯದು ಅವರದು. ಅದನ್ನೇ ಎತ್ತಿ ಗುಂಡಿಗೂ ಅಂಟಿಸಿದೆ. ನೀನು ನಗುತ್ತೀಯ ಎಂದು ಬರೆದೆ. ನೀನು ನಂಬುತ್ತೀಯ ಎಂದು ಹೊಳೆಯಲೇ ಇಲ್ಲ. "ಹೊಡೆಯುವುದಾದರೆ ಬೇಗ ಹೊಡೆ." ಆ ಸಾಲು ಬರೆದಾಗ ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದ್ದೆ, ಅಷ್ಟು ಇಷ್ಟವಾಗಿತ್ತು ನನಗೆ.

ಪತ್ರ ಹೊರಬಂದರೆ ನನ್ನ ವಕೀಲಿ ಸನ್ನದಿಗೆ ಕುತ್ತು ಬಂದೀತು ಎಂದು ಹೆದರಿದೆ. ಕೀ ಕೇಳಿದ್ದು ಅದಕ್ಕೆ. ಬೆನ್ನುನೋವೂ ಅದಕ್ಕೇ. ನಿನ್ನ ಮುಖ ನೋಡಲು ಬೆನ್ನು ಬೇಕಿರಲಿಲ್ಲ, ಮುಖ ಬೇಕಿತ್ತು.

ಈಗ ವಕೀಲಮ್ಮನಿಗೆ ಎಲ್ಲ ಹೇಳಿದ್ದೇನೆ. ಪತ್ರವನ್ನು ಕೋರ್ಟಿಗೆ ಹಾಜರುಪಡಿಸಿ, ನಾನೇ ಬಂದು ಸಾಕ್ಷಿ ಹೇಳುತ್ತೇನೆ ಎಂದೆ. ಕಾನೂನು ಗೊತ್ತಿರಲಿಲ್ಲ ಎಂಬುದು ಬಿಡುಗಡೆಗೆ ಕಾರಣವಾಗದು, ಆದರೆ ನಿನ್ನನ್ನು ದಾರಿ ತಪ್ಪಿಸಿದವನೊಬ್ಬನಿದ್ದ ಎಂಬುದಾದರೂ ದಾಖಲಾಗಲಿ. ಅವಳಿಗೆ ಅನುಮಾನ; "ಮೊದಲೇ ಹೊಡೆಯುವ ಯೋಚನೆ ಇತ್ತು" ಎಂದು ಎದುರಿನವರು ತಿರುಚಬಹುದಂತೆ. ತೀರ್ಮಾನ ನಿನ್ನದು.

ಸನ್ನದು ಹೋದರೆ ಹೋಗಲಿ. ಅಷ್ಟಕ್ಕೂ ಚೆಕ್ಕುಬಂದಿ ಬರೆಯಲು ಯಾರಾದರೂ ಸಿಗುತ್ತಾರೆ.

ತಮ್ಮ


ಮಹಿಳಾ ಕಾರಾಗೃಹ
ಏಪ್ರಿಲ್ 30

ಚೆಕ್ಕುಬಂದಿ,

ಬಹಳ ದಿನದ ಮೇಲೆ ಈ ಹೆಸರಿನಿಂದ ಕರೆಯಬೇಕೆನ್ನಿಸಿತು.

ನಿನ್ನ ಪತ್ರ ಓದಿ ಮೇಟ್ರನ್ ಮೇಡಂ ಕಣ್ಣೊರೆಸಿಕೊಂಡರು. ನಾನು ಒರೆಸಿಕೊಳ್ಳಲಿಲ್ಲ, ಒಂದೇ ಕೈ ಇರುವುದು, ಅದರಲ್ಲಿ ಪತ್ರ ಹಿಡಿದಿದ್ದೆ.

ಆ ಹಳೆಯ ಪತ್ರ ಕೋರ್ಟಿಗೆ ಹೋಗುವುದು ಬೇಡ. ನಿನ್ನ ಸನ್ನದು ಉಳಿಸಲು ಅಂತ ತಿಳಿದು ಉಬ್ಬಬೇಡ. ನನ್ನ ಎರಡನೇ ಗುಂಡಿನಲ್ಲಿ ನಿನಗೆ ಪಾಲು ಕೊಡಲು ನನಗೆ ಇಷ್ಟವಿಲ್ಲ. ನೀನು "ಬೇಗ ಹೊಡೆ" ಎಂದಿದ್ದೆ. ಹೊಡೆಯಬೇಕು ಎಂದುಕೊಂಡವಳು ನಾನು.

ಯಾಕೆ ಎಂದು ಯಾರಿಗೂ ಹೇಳಿಲ್ಲ. ಈಗ ಹೇಳುತ್ತೇನೆ. ಮೇಡಂ, ನೀವೂ ಓದಿಕೊಳ್ಳಿ, ಆದರೆ ಅಡುಗೆಮನೆಯಲ್ಲಿ ಹೇಳಬೇಡಿ.

ಭುಜಕ್ಕೆ ಏಟು ಬಿದ್ದಾಗ ನಾನು ಬೇಡಿಕೊಂಡೆ. "ಬೇಡಪ್ಪಾ, ಹೊಡೀಬೇಡಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ." ಮೂವತ್ತೊಂದು ವರ್ಷ ಐವತ್ತು ಮೀಟರಿನ ಮೈದಾನದ ಈ ತುದಿಯಿಂದ ಆ ತುದಿಗೆ ಆಜ್ಞೆ ಕೊಟ್ಟ ಗಂಟಲು. ಪೊಲೀಸರಿಗೂ ಸಿಪಾಯಿಗಳಿಗೂ ತರಬೇತಿ ಕೊಟ್ಟ ಗಂಟಲು. ಅದರಿಂದ ಅಂಥ ದನಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಬಾಗಿಲಿಗೆ ಬಾಲ ಸಿಕ್ಕಿಕೊಂಡ ಬೆಕ್ಕಿನ ದನಿ. ಅವನು ಬೀಗ ಮೀಟುತ್ತ ನನ್ನ ಆ ದನಿಯನ್ನೇ ಅಣಕಿಸಿದ. "ಬೇಡಪ್ಪಾ, ಬೇಡಪ್ಪಾ" ಎಂದು ರಾಗ ಎಳೆದ. ಆಗ ತೋಟಾ ತುಂಬಿದೆ. ಅವನು ಸಲಾಕೆ ಎತ್ತಿ ಬಂದ, ಹೊಡೆದೆ. ಅಲ್ಲಿಯವರೆಗೆ ಭಯ. ದೇವರಾಣೆಗೂ ಭಯ.

ಆಮೇಲೆ ಅವನು ಬೆನ್ನು ತಿರುಗಿಸಿದ, ನನ್ನ ಭಯವೂ ಅವನ ಜೊತೆಗೇ ಬಾಗಿಲಿನತ್ತ ಹೊರಟಿತು. ಅದು ಖಾಲಿ ಮಾಡಿದ ಜಾಗಕ್ಕೆ ನಾಚಿಕೆ ಬಂದು ಕೂತಿತು. ನಾನು ಅಂಗಲಾಚಿದ್ದನ್ನು ಕೇಳಿದ ಮನುಷ್ಯ ಲೋಕದಲ್ಲಿ ಒಬ್ಬನೇ ಇದ್ದ, ಅವನು ಹೊರಗೆ ಹೋಗುತ್ತಿದ್ದ. ಓಡುತ್ತ ಏನೋ ಅಂದ. ಬೈದಿರಬೇಕು, ಕಿವಿಗೆ ಬೀಳಲಿಲ್ಲ. ಬೋಲ್ಟು ಎಳೆದೆ, ಖಾಲಿ ತೋಟಾ ಹಿಡಿದು ನಿಲ್ಲಿಸಿದೆ, ಹೊಸದನ್ನು ತುಂಬಿದೆ. ನಾಲ್ಕು ಸೆಕೆಂಡು. ಅಷ್ಟರಲ್ಲಿ ಎರಡು ತೀರ್ಮಾನ ಮಾಡಿದೆ: ಕೊಲ್ಲುವುದಿಲ್ಲ, ನಡೆದುಕೊಂಡು ಹೋಗಲೂ ಬಿಡುವುದಿಲ್ಲ.

ಇದನ್ನೆಲ್ಲ ಕೋರ್ಟಿನಲ್ಲಿ ಹೇಳುತ್ತೇನೆ. ಕೊಲ್ಲಲು ಹೊಡೆದೆ ಎಂದು ಪೊಲೀಸರು ಬರೆದಿರುವ ಆರೋಪ ಸುಳ್ಳು. ಗಾಬರಿಯಿಂದ ಹೊಡೆದೆ ಎಂದು ನೀವು ಬರೆದಿರುವ ಉತ್ತರವೂ ಸುಳ್ಳು. ಎರಡು ಸುಳ್ಳಿನ ನಡುವೆ ಯಾವುದು ಅನುಕೂಲವೋ ಅದನ್ನು ಆರಿಸಿಕೋ ಎಂದು ನನ್ನ ಮುಂದೆ ತಟ್ಟೆ ಹಿಡಿಯಬೇಡಿ. ಮೊದಲ ಗುಂಡಿಗೆ ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಎರಡನೆಯದಕ್ಕೆ ಮೊದಲನೆಯದರ ನೆಪ ಕೊಡುವುದಿಲ್ಲ.

ಅಕ್ಕ


ಜೂನ್ 20
ನಿನ್ನ ಊರಿನ ಬಸ್ ನಿಲ್ದಾಣದ ಎದುರಿನ ವಸತಿಗೃಹ

ಅಕ್ಕಾ,

ಹೌದು, ಬಂದಿದ್ದೇನೆ. ಮೊನ್ನೆ ಹದಿನೆಂಟರಂದು ನೀನು ಹೇಳಿಕೆ ಕೊಟ್ಟಾಗಲೂ ಇದ್ದೆ. ಕೊನೇ ಬೆಂಚಿನಲ್ಲಿ, ಒಬ್ಬ ದಪ್ಪ ಗುಮಾಸ್ತನ ಹಿಂದೆ. ನೀನು ನೋಡಲಿಲ್ಲ. ನಿನಗೆ ಕಾಣುವ ಧೈರ್ಯವನ್ನು ಇನ್ನೂ ಪೂರ್ತಿ ಒಟ್ಟುಮಾಡಿಕೊಂಡಿರಲಿಲ್ಲ.

ಅವನನ್ನು ಬೇಡಿಕೊಂಡ ಮಾತಿಗೆ ಬಂದಾಗ ನೀನು ದನಿ ತಗ್ಗಿಸಿದೆ. ಹೇಳಿಕೆ ಟೈಪು ಮಾಡುತ್ತಿದ್ದವರು ತಲೆಯೆತ್ತಿದರು. "ಕೇಳಿಸಲಿಲ್ಲ, ಜೋರಾಗಿ ಹೇಳಿ," ಎಂದರು ನ್ಯಾಯಾಧೀಶರು. ಆಮೇಲೆ ಜೋರಾಗಿ ಹೇಳಿದೆ, ಆ ದನಿಯಲ್ಲೇ, ಅದೇ ರಾಗದಲ್ಲಿ. ಇಡೀ ಕೋರ್ಟು ತಲೆ ತಗ್ಗಿಸಿತು. ನಿನ್ನದೊಂದೇ ತಲೆ ಮೇಲಿದ್ದದ್ದು.

ಇವತ್ತಿನ ತೀರ್ಪು ನೀನೂ ಕೇಳಿದೆ. ಮೊದಲ ಗುಂಡು ಆತ್ಮರಕ್ಷಣೆ, ಕೊಲೆಯತ್ನದ ಆರೋಪ ಸಾಬೀತಾಗಿಲ್ಲ, ಎರಡನೇ ಗುಂಡಿನಿಂದ ಗಾಯಪಡಿಸಿದ್ದು ಅಪರಾಧ. ಶಿಕ್ಷೆ ಎಷ್ಟೆಂದು 23ಕ್ಕೆ ಹೇಳುತ್ತಾರೆ. ಅದಕ್ಕೂ ಮುಂಚೆ ನಿನ್ನನ್ನು ಏನಾದರೂ ಹೇಳುವುದಿದೆಯೇ ಎಂದು ಕೇಳುತ್ತಾರೆ. ವಕೀಲಮ್ಮನ ಲೆಕ್ಕದಲ್ಲಿ ನ್ಯಾಯಾಧೀಶರ ಮನಸ್ಸು ಕರಗಿದೆ. ಇದುವರೆಗೆ ಒಳಗಿದ್ದದ್ದೇ ಸಾಕು ಎಂದು ಮನೆಗೆ ಕಳಿಸಿದರೂ ಕಳಿಸಬಹುದು.

ಆಗ ನೀನು ಓದಬೇಕಾದ ಮನವಿಯನ್ನು ಈ ಪತ್ರದ ಜೊತೆಗಿಟ್ಟಿದ್ದೇನೆ. ವಯಸ್ಸು, ಸೇವೆ, ಕೂಡದ ಮೂಳೆ, ಎಲ್ಲ ಇದೆ. ಎಲ್ಲವೂ ನಿಜ, ಅಕ್ಕಾ. ಒಂದೇ ಒಂದು ಸುಳ್ಳಿಲ್ಲ. ಹುಡುಕಿ ನೋಡು. ವಿನಯವಾಗಿ ಓದು, ಅಷ್ಟೇ ಬೇಡುವುದು.

ತಮ್ಮ


ಮಹಿಳಾ ಕಾರಾಗೃಹ
ಜೂನ್ 21

ಚೆಕ್ಕುಬಂದಿ,

ಮನವಿ ಓದಿದೆ. ಎಷ್ಟು ಚೆನ್ನಾಗಿದೆಯೆಂದರೆ ಆ ಪಾಪದ ಹೆಂಗಸನ್ನು ನಾನೇ ಬಿಡುಗಡೆ ಮಾಡಿಬಿಡುತ್ತಿದ್ದೆ. ಸುಳ್ಳಿಲ್ಲ, ಒಪ್ಪಿದೆ. ಆದರೆ ವಾಪಸ್ಸು ಕಳಿಸುತ್ತಿದ್ದೇನೆ.

ನಿನ್ನೆ ತೀರ್ಪಿಗೆ ಮುಂಚೆ ನನ್ನನ್ನು ಕೋರ್ಟಿನ ಪಡಸಾಲೆಯ ಬೆಂಚಿನಲ್ಲಿ ಕೂರಿಸಿದ್ದರು. ಆ ತುದಿಗೆ ಇನ್ನೊಬ್ಬನನ್ನು ಊರುಗೋಲಿನ ಸಮೇತ ತಂದು ಕೂರಿಸಿದರು. ಅತಿಥಿ. ಅವನ ದರೋಡೆ ಕೇಸು ಅದೇ ದಿನ ಪಕ್ಕದ ಕೋಣೆಯಲ್ಲಿತ್ತು. ಬೆಂಚಿನ ಒಂದು ಕಾಲು ಗಿಡ್ಡ. ಅವನು ಕೂತಾಗ ನಾನು ಮೇಲೆದ್ದೆ, ನಾನು ಒರಗಿದಾಗ ಅವನು ಮೇಲೆದ್ದ. ಕಾವಲಿನವರು ಕಿಟಕಿಯ ಹತ್ತಿರ ಹರಟೆಗೆ ನಿಂತಿದ್ದರು.

"ಭುಜ ಹೇಗಿದೆ ಮೇಡಂ?" ಅಂದ.

"ಮೋಡ ಕಟ್ಟಿದ್ರೆ ನೋಯುತ್ತೆ. ನಿನ್ನ ಕಾಲು?"

"ಮೋಡ ಇಲ್ಲದಿದ್ರೂ ನೋಯುತ್ತೆ."

ಆ ಕಾಲನ್ನು ನೆಟ್ಟಗೆ ಚಾಚಿಕೊಂಡ. ಆಮೇಲೆ ಅಂದ, "ನೀವು ಕೈಮುಗಿದು ಕೇಳ್ಕೊಂಡಿದ್ದನ್ನ ನಾನು ಪೊಲೀಸರಿಗೂ ಹೇಳಿರಲಿಲ್ಲ, ಕೋರ್ಟಲ್ಲೂ ಹೇಳಲಿಲ್ಲ. ನೀವೇ ಹೇಳ್ಕೊಂಡ್ಬಿಟ್ರಂತೆ."

"ನೀನ್ಯಾಕೆ ಹೇಳಲಿಲ್ಲ? ಒಳ್ಳೇ ತಮಾಷೆ ಮಾಡಿದ್ದೆಯಲ್ಲ ಅವತ್ತು."

"ನಿಮ್ಮದು ಹೇಳಿದ್ರೆ ನನ್ನದೂ ಹೇಳ್ಬೇಕಾಗ್ತಿತ್ತು."

ಅವನೇ ಮುಂದುವರಿಸಿದ.

"ಹಿಂದೆ ಬೋಲ್ಟು ಎಳೆದ ಸದ್ದು ಕೇಳಿಸ್ತು ನನಗೆ. 'ಹೋಗ್ತಿದೀನಿ ಮೇಡಂ, ಹೊಡೀಬೇಡಿ, ಹೋಗ್ಬಿಡ್ತೀನಿ' ಅಂದೆ. ಎರಡು ಸಲ ಅಂದೆ. ಏನೋ ಬೈದ, ಕೇಳಿಸಲಿಲ್ಲ ಅಂತ ನೀವು ಹೇಳಿದ್ರಂತೆ." ಊರುಗೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. "ಇರಲಿ ಬಿಡಿ. ಒಂಬತ್ತು ಮೀಟರು ದೂರ ಆಯ್ತು."

ಒಂಬತ್ತು ಮೀಟರಿನ ಮಾತು ಐವತ್ತು ಮೀಟರಿನವಳಿಗೆ ಕೇಳಿಸದೇ ಇರುತ್ತದೆಯೇ? ಕೇಳಿಸಿತ್ತು. ಎರಡು ಸಲವೂ. ನಿನಗೆ ಬರೆದ ಪತ್ರದಲ್ಲಿ ಎಲ್ಲ ಹೇಳಿಬಿಟ್ಟೆ ಎಂಬ ಜಂಭದಲ್ಲಿ ಅದನ್ನೊಂದನ್ನು ನುಂಗಿಕೊಂಡೆ, ಕೋರ್ಟಿನಲ್ಲೂ ನುಂಗಿಕೊಂಡೆ. ನನ್ನ ಅಂಗಲಾಚಿಕೆಯನ್ನು ಜೋರಾಗಿ ಹೇಳಿ ದೊಡ್ಡವಳಾದೆ, ಅವನದನ್ನು ಬೈಗುಳವೆಂದು ಬರೆಸಿದೆ. ನೀವೆಲ್ಲ ತಲೆ ತಗ್ಗಿಸಿದ್ದು ಅರ್ಧ ಮಾತಿಗೆ.

ಸಂಜೆ ವಕೀಲಮ್ಮ ಬಂದಾಗ, 23ಕ್ಕೆ ಇದನ್ನು ಹೇಳುತ್ತೇನೆ ಎಂದೆ. ಅವಳು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು.

"ಮೇಡಂ, ಕೇಸು ಮುಗಿದಿದೆ. ಇದನ್ನ ಯಾರೂ ಕೇಳ್ತಾ ಇಲ್ಲ. ಮನೆಗೆ ಹೋಗೋ ಹೆಂಗಸು ನೀವು. ಇದನ್ನ ಹೇಳಿದ್ರೆ ಕೈಯಾರೆ ಇನ್ನೊಂದು ವರ್ಷ, ಒಂದೂವರೆ ವರ್ಷ ತಗೊಂಡ ಹಾಗೆ."

"ಅವರು ಕೊಟ್ಟಷ್ಟು ತಗೋತೀನಿ."

"ನಿಮ್ಮ ತಮ್ಮನಿಗೆ ಏನು ಹೇಳ್ಲಿ?"

"ನಾನೇ ಬರೀತೀನಿ, ನೀನು ಹೋಗು."

ಬರೆದಿದ್ದೇನೆ. ಸಿಟ್ಟು ಬಂದರೆ ಬರಲಿ, ಅದನ್ನು ಕೋರ್ಟಿಗೆ ತರಬೇಡ, ವಸತಿಗೃಹದಲ್ಲೇ ಬಿಟ್ಟು ಬಾ. ಆ ಗುಮಾಸ್ತನ ಹಿಂದೆ ಅವಿತುಕೊಳ್ಳುವುದು ಇನ್ನು ಸಾಕು. 23ರಂದು ಹತ್ತೂವರೆಗೆ ಮುಂದಿನ ಬೆಂಚಿನಲ್ಲಿ, ನನಗೆ ಕಾಣುವ ಹಾಗೆ ಕೂತುಕೋ. ಜೋರಾಗಿ ಹೇಳಿ ಎಂದು ಈ ಸಲ ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ.

ಅಕ್ಕ